ಭೀಮಕ್ಕ ಮಾಡಿದ ಕೆಲಸ

ಭೀಮಕ್ಕನ ಎದೆಯಿಂದ ಮೂರನೆಯ ಸಲ ನೀರು ತೆಗೆದ ದಿನ ಬೆಳಗಾವಿಯ ಡಾಕ್ಟರು ಅವಳನ್ನು ಒಂದು ಮಾತು ಕೇಳಿದರು. ಉತ್ತರ ಕೊಟ್ಟವನು ಅವಳ ಗಂಡ ಸಿದರಾಯ.

"ನೀವು ಏನ್ ಕೆಲಸ ಮಾಡ್ತಿದ್ರಿ, ಅವ್ವಾರ?"

"ಅಕಿ ಮನ್ಯಾಗ ಇರತಾಳ್ರಿ. ಮನಿಗೆಲಸ ಅಷ್ಟ."

ಸಿದರಾಯನಿಗೆ ಈ ಉತ್ತರ ಬಾಯಿಪಾಠವಾಗಿತ್ತು. ರೇಷನ್ ಕಾರ್ಡಿಗೆ ಬರೆಸಿದ್ದು ಇದನ್ನೇ, ಜನಗಣತಿಗೆ ಬಂದ ಮಾಸ್ತರರಿಗೆ ಹೇಳಿದ್ದು ಇದನ್ನೇ, ಮಗಳು ಮಾಲಾಳ ಶಾಲೆಯ ಅರ್ಜಿಯಲ್ಲಿ ತಾಯಿಯ ಉದ್ಯೋಗ ಅನ್ನುವ ಗೆರೆಯ ಮೇಲೆ ತುಂಬಿದ್ದೂ ಇದನ್ನೇ. ಮಂಚದ ಮೇಲೆ ಬೆನ್ನು ಬಗ್ಗಿಸಿ ಕೂತಿದ್ದ ಭೀಮಕ್ಕ ಗಂಡನ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡಳು.

ಡಾಕ್ಟರು ಬಿಡಲಿಲ್ಲ. ಶ್ವಾಸಕೋಶದ ಸುತ್ತ ಇರುವ ಪೊರೆಗೆ ಹತ್ತಿದ ಕ್ಯಾನ್ಸರ್ ಇದು, ಬೀಡಿ ಸೇದಿ ಬರುವಂಥದ್ದಲ್ಲ, ಕಲ್ನಾರಿನ ಧೂಳು ಒಳಗೆ ಹೋಗಿ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಕೂತು ಆಮೇಲೆ ತಲೆ ಎತ್ತುವಂಥದ್ದು, ಆಸ್ಬೆಸ್ಟಾಸ್ ಅಂತಾರಲ್ಲ ಅದು, ಎಂದು ಬಿಡಿಸಿ ಹೇಳಿದರು. ತಾನು ಆಟೋ ನಗರದಲ್ಲಿ ಮೂವತ್ತು ವರ್ಷ ಲಾರಿಗಳ ಬ್ರೇಕಿಗೆ ಲೈನರ್, ಅಂದರೆ ಚಕ್ರಕ್ಕೆ ಒತ್ತಿ ಉಜ್ಜುವ ಪಟ್ಟಿ, ಕೂರಿಸಿದವನು ಎಂದ ಸಿದರಾಯ. ಆಗಿನ ಲೈನರುಗಳಲ್ಲಿ ಇದ್ದದ್ದು ಅದೇ ಎಂದರು ಡಾಕ್ಟರು. ಹಾಗಾದರೆ ರೋಗ ನನಗೆ ಬರಬೇಕಿತ್ತಲ್ಲರೀ ಎಂದು ಕೇಳಿದ ಸಿದರಾಯ.

"ನಿಮ್ಮ ಬಟ್ಟಿ ಯಾರು ಒಗೀತಿದ್ರು?"

"ಅಕೀನ್ರಿ."

"ಹಂಗಾರ ಅದ ಇರಬೇಕು," ಎಂದು ಡಾಕ್ಟರು ಕಾಗದದ ಮೇಲೆ ಗೀಚಿಕೊಂಡರು. ಇಂಥ ರೋಗಕ್ಕೆ ಪರಿಹಾರ ಸಿಗುವ ದಾರಿಗಳಿವೆ, ತಿಳಿದ ವಕೀಲರನ್ನು ಯಾರನ್ನಾದರೂ ಕಾಣಿರಿ, ಬೇಗ ಕಾಣಿರಿ ಎಂದೂ ಹೇಳಿದರು. ಬೇಗ ಅನ್ನುವ ಮಾತನ್ನು ಅವರು ಎರಡು ಸಲ ಹೇಳಿದ್ದು ಸಿದರಾಯನಿಗೆ ಕೇಳಿಸಿತು.

ಖಾನಾಪುರದ ಬಸ್ಸಿನಲ್ಲಿ ಭೀಮಕ್ಕನಿಗೆ ಕಿಟಕಿಯ ಬಾಜು ಸೀಟು ಸಿಕ್ಕಿತು. ಬೆಳಗಾವಿ ದಾಟಿದ ಮೇಲೆ, ಹೊರಗೆ ನೋಡುತ್ತಲೇ, "ಬಟ್ಟಿ ಒಗದದ್ದಕ್ಕ ಬಂತಂತ?" ಎಂದಳು.

"ಡಾಕ್ಟರಿಗಿ ಗೊತ್ತಿರತೈತಿ," ಎಂದ ಸಿದರಾಯ.

ಡಾಕ್ಟರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಸಿದರಾಯ, ಮತ್ತು ಅವನು ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದ. ಇದಕ್ಕೆ ಕಾರಣ ಒಂದು ಹಿಡಿ ಭಂಡಾರ.

ಮದುವೆಯ ಮಾತುಕತೆ ನಡೆದದ್ದು ಖಾನಾಪುರದ ಆಚೆಯ ಒಂದು ಹಳ್ಳಿಯಲ್ಲಿ, ಬೀರದೇವರ ಗುಡಿಯ ಕಟ್ಟೆಯ ಮೇಲೆ. ಭೀಮಕ್ಕನ ಅಪ್ಪನಿಗೆ ಇನ್ನೂರು ಕುರಿ ಇದ್ದವು, ಅದಕ್ಕೆ ತಕ್ಕ ಸೊಕ್ಕೂ ಇತ್ತು. ಸಿದರಾಯನಿಗೆ ಕುರಿ ಇರಲಿಲ್ಲ, ಹೊಲ ಇರಲಿಲ್ಲ, ಬೆಳಗಾವಿಯಲ್ಲಿ ಒಂದು ಬ್ರೇಕ್ ಅಂಗಡಿಯ ಕೆಲಸ ಮಾತ್ರ ಇತ್ತು. ಹಾಗಾಗಿ ಮುದುಕ ಒಂದು ಷರತ್ತು ಹಾಕಿದ. "ನನ್ನ ಮಗಳು ಮಂದೀ ಕೂಲಿಗಿ ಹೋಗಬಾರದು. ಭಂಡಾರ ಮುಟ್ಟಿ ಹೇಳು." ಸಿದರಾಯ ತಟ್ಟೆಯಲ್ಲಿದ್ದ ಅರಿಶಿನದ ಪುಡಿಗೆ ಕೈ ಇಟ್ಟು, ಹೆಂಡತಿ ಹೊಸ್ತಿಲು ದಾಟಿ ಕೂಲಿಗೆ ಹೋಗುವುದಿಲ್ಲ ಎಂದು ಆಣೆ ಮಾಡಿದ. ಅವರ ಜನದಲ್ಲಿ ಕೋರ್ಟಿನ ಕಾಗದ ಹರಿಯಬಹುದು, ಭಂಡಾರ ಮುಟ್ಟಿದ ಮಾತು ಹರಿಯುವಂತಿಲ್ಲ.

ಆಣೆಯನ್ನು ಅವನು ಅಕ್ಷರಕ್ಕೆ ಅಕ್ಷರ ಪಾಲಿಸಿದ. ಭೀಮಕ್ಕ ಕೂಲಿಗೆ ಹೋಗಲಿಲ್ಲ, ಕೂಲಿಯೇ ಮನೆಗೆ ಬಂತು! ಮಾಲಾ ಹುಟ್ಟಿದ ಮೇಲೆ ಒಬ್ಬನ ಸಂಬಳ ಸಾಲದಾಯಿತು. ಆಗ ಅಂಗಡಿಯ ಹಿರಿಯ ಸಾಹುಕಾರನೇ ಉಪಾಯ ಹೇಳಿಕೊಟ್ಟ. ದಿನಾ ಸಂಜೆ ಸಿದರಾಯ ಸೈಕಲ್ಲಿನ ಹಿಂದೆ ಒಂದು ಗೋಣಿಚೀಲ ಕಟ್ಟಿಕೊಂಡು ಬರುತ್ತಿದ್ದ. ಅದರಲ್ಲಿ ಲಾರಿಯ ಹಳೆಯ ಬ್ರೇಕ್ ಶೂಗಳು, ಲೈನರ್ ಕೂರಿಸುವ ಕಬ್ಬಿಣದ ಕಮಾನುಗಳು. ಭೀಮಕ್ಕ ಹಿತ್ತಲಲ್ಲಿ ಕೂತು ಅವುಗಳ ರಿವೆಟ್ಟು ಹೊಡೆದು ತೆಗೆದು, ಸವೆದ ಲೈನರ್ ಕಿತ್ತು, ತಂತಿಯ ಬ್ರಶ್ಶಿನಿಂದ ಕಬ್ಬಿಣ ಹೊಳೆಯುವ ತನಕ ತಿಕ್ಕುತ್ತಿದ್ದಳು. ಬೆಳಗ್ಗೆ ಚೀಲ ಆಟೋ ನಗರಕ್ಕೆ ವಾಪಸು, ರವಿವಾರ ಮಾತ್ರ ಹಗಲೆಲ್ಲ ಅದೇ ಕೆಲಸ. ಆಗ ಅವರು ಇದ್ದದ್ದು ಅಲ್ಲೇ ಹತ್ತಿರದ ಓಣಿಯ ಬಾಡಿಗೆ ಮನೆಯಲ್ಲಿ. ಕೇಳಿದವರಿಗೆ ಸಿದರಾಯ, ನಾನು ಮನೆಯಲ್ಲೂ ಓವರ್‌ಟೈಮ್ ಮಾಡುತ್ತೇನೆ ಎನ್ನುತ್ತಿದ್ದ. ಇಪ್ಪತ್ತು ವರ್ಷ ಹೀಗೆ ನಡೆಯಿತು. ಒಮ್ಮೆ ದಸರೆಯ ಖಂಡೇಪೂಜೆಯ ದಿನ ಸಾಹುಕಾರ ಎಲ್ಲರ ಮುಂದೆ ಸಿದರಾಯನಿಗೆ ಶಾಲು ಹೊದಿಸಿ, "ಇಬ್ಬರ ಕೆಲಸ ಒಬ್ಬನ ಮಾಡತಾನ ನೋಡ್ರಿ ಇಂವ" ಎಂದು ಬೆನ್ನು ತಟ್ಟಿದ. ಆ ಮಾತಿಗೆ ಸಿದರಾಯ ನಾಚಿಕೆಯಿಲ್ಲದೆ ಹಲ್ಲು ಕಿರಿದಿದ್ದ.

ಈಗ ಹಿರಿಯ ಸಾಹುಕಾರ ಇಲ್ಲ, ಮಗ ಅಮರ ಅಂಗಡಿ ನೋಡಿಕೊಳ್ಳುತ್ತಾನೆ. ಸಿದರಾಯ ರಿಟೈರ್ ಆಗಿ ಖಾನಾಪುರದಲ್ಲಿ ಮಗಳ ಮನೆಯ ಪಕ್ಕದಲ್ಲೇ ಒಂದು ಖೋಲಿ ಮಾಡಿಕೊಂಡಿದ್ದಾನೆ. ಮೂರು ವರ್ಷ ನೆಮ್ಮದಿಯಿಂದ ಇದ್ದರು. ನಾಲ್ಕನೆಯ ವರ್ಷ ಭೀಮಕ್ಕನಿಗೆ ಉಸಿರು ಕಟ್ಟತೊಡಗಿತು.

ವಕೀಲ ಬಸಯ್ಯನವರ ಬಾಡಿಗೆ ಮನೆ ಬೆಳಗಾವಿಯ ಸದಾಶಿವನಗರದಲ್ಲಿ. ಎಪ್ಪತ್ತು ದಾಟಿದ ಜಂಗಮರು, ಹಣೆಯ ತುಂಬ ವಿಭೂತಿ, ಮಾತು ಖಾರ. ಕೂಲಿಕಾರರ ಕೇಸು ಹಿಡಿದು ಹಿಡಿದು ಮನೆ ಕಟ್ಟಲಾಗದೆ ಉಳಿದವರು ಎಂದು ಊರವರೇ ನಗುತ್ತಿದ್ದರು. ಅವರು ಡಾಕ್ಟರ ಕಾಗದಗಳನ್ನು ಒಂದೊಂದಾಗಿ ತಿರುವಿ, ಕನ್ನಡಕ ತೆಗೆದಿಟ್ಟರು.

"ದಾರಿ ಅದಾವ ತಮ್ಮಾ. ಒಂದೂ ನೆಟ್ಟಗಿಲ್ಲ. ಇಎಸ್ಐದಾಗ ಈ ರೋಗ ಕೆಲಸದಿಂದ ಬಂತು ಅಂತ ಆದ್ರ ತಿಂಗಳಾ ತಿಂಗಳಾ ರೊಕ್ಕ ಕೊಡತಾರ. ಆದ್ರ ಕಾರ್ಡಿನ ಮ್ಯಾಲಿನ ಹೆಸರು ನಿಂದು. ಹೇಂತಿಗಿ ಬರೇ ಔಷಧ, ಅದೂ ನೀ ರಿಟೈರ್ ಆದಮ್ಯಾಲೆ ವರ್ಷಕ್ಕೊಮ್ಮೆ ಚಿಲ್ಲರ ದುಡ್ಡ ಕಟಗೋಂತ ಬಂದಿದ್ರ. ಕಟ್ಟೀಯೇನು?"

"ಯಾರೂ ಹೇಳಲಿಲ್ರಿ ಅಯ್ಯಾರ."

"ಹೇಳೂದಿಲ್ಲ. ಅದ ಅವರ ಕೆಲಸ. ಇನ್ನ ಸರಕಾರದ ಆರೋಗ್ಯ ಕಾರ್ಡ. ಅದರಾಗ ಒಂದೆರಡು ತರದ ಕಿಮೋ ಆಗತೈತಿ, ಡಾಕ್ಟರು ಬರದಾರಲ್ಲ ಈ ತುಟ್ಟಿ ಇಂಜೆಕ್ಷನ್, ಅದು ಆಗೂದಿಲ್ಲ. ಸಾಹುಕಾರನ ಮ್ಯಾಲೆ ದಾವಾ ಹಾಕಬಹುದು, ಹತ್ತ ವರ್ಷ ತಗೋತೈತಿ. ಅಮೇರಿಕಾದಾಗ ಲೈನರ್ ಮಾಡೂ ಕಂಪನಿಗೋಳು ದಿವಾಳಿ ಎದ್ರೂ ಈ ರೋಗದವರಿಗಂತ ರೊಕ್ಕ ತಗದ ಇಟ್ಟಾವಂತ. ಅದು ಅವರ ಮಂದಿಗಿ. ಉಳದದ್ದು ಕೆಲಸಗಾರರ ಪರಿಹಾರದ ಕಾನೂನು. ಅದರಾಗ ಈ ರೋಗದ ಹೆಸರ ಬರದಾರ. ಲಗೂ ಆಗತೈತಿ, ರೊಕ್ಕಾನೂ ಚಲೋ ಬರತೈತಿ." ಬಸಯ್ಯನವರು ನಿಟ್ಟುಸಿರು ಬಿಟ್ಟರು. "ಆದ್ರ ಕೆಲಸಗಾರ ನೀನು, ರೋಗ ಅಕೀದು. ನಿನ್ನ ಅರಬಿ ಒಗದದ್ದಕ್ಕ ಕಾನೂನ ಏನೂ ಕೊಡೂದಿಲ್ಲ."

ಸಿದರಾಯ ಕಾಗದ ಕಟ್ಟಿಕೊಳ್ಳತೊಡಗಿದ. ಇಲ್ಲ ಅಂದರಲ್ಲ, ಮುಗಿಯಿತಲ್ಲ ಎನ್ನುವ ಒಂದು ಸಣ್ಣ ಹಗುರವೂ ಅವನ ಒಳಗೆ ಹಾದುಹೋಯಿತು. ಹೆಂಡತಿ ಸಾಯುವ ಹೊತ್ತಿನಲ್ಲಿ ಗುಟ್ಟು ಉಳಿಯಿತು ಎಂದು ಹಗುರಾಗುವ ಮನುಷ್ಯನಿಗೆ ಏನೆನ್ನಬೇಕೋ.

"ಅಯ್ಯಾರ," ಎಂದಳು ಭೀಮಕ್ಕ. "ನಾನೂ ಕೆಲಸ ಮಾಡೀನ್ರಿ."

"ಏನು ಮಾಡೀದವ್ವಾ?"

ಅವಳು ಹೇಳಿದಳು. ಮಾತಿನ ನಡುವೆ ಉಸಿರು ನಿಂತಾಗ ಕೈಯಿಂದ ತೋರಿಸಿದಳು. ಪಂಚು ಹೀಗೆ ಇಡುವುದು, ಸುತ್ತಿಗೆಯಿಂದ ಹೀಗೆ ಕೊಡುವುದು, ಗಟ್ಟಿ ಕೂತ ರಿವೆಟ್ಟಿಗೆ ಎರಡು ಪೆಟ್ಟು ಹೆಚ್ಚು. ದಿನಕ್ಕೆ ಇಪ್ಪತ್ತು ಶೂ, ದಸರೆಯ ಮುಂದೆ ಮೂವತ್ತು. ಅವಳ ಬೆರಳುಗಳು ಬಲು ಸಲೀಸಾಗಿ ಆ ಕೆಲಸವನ್ನು ಗಾಳಿಯಲ್ಲಿ ಮಾಡಿ ತೋರಿಸಿದವು.

ಬಸಯ್ಯನವರು ಅವನ ಕಡೆ ತಿರುಗಿ ಬೈದರು. "ಇದನ್ನ ಮೊದಲ ಯಾಕ ಹೇಳಲಿಲ್ಲೋ? ಸಾಹುಕಾರ ಕೊಟ್ಟ ಕೆಲಸ ಸಾಹುಕಾರಗ ಮಾಡಿ ಕೊಟ್ರ, ಅಕಿ ಮನ್ಯಾಗ ಕುಂತರೇನು, ಗುಡ್ಡದ ಮ್ಯಾಲೆ ಕುಂತರೇನು! ಅಕೀನೂ ಕೆಲಸಗಾರಳ ಅಂತ ನಾ ವಾದ ಮಾಡತೀನಿ. ಆದ್ರ ನೀ ಕೋರ್ಟಿನಾಗ ನಿಂತು ಎಲ್ಲಾರ ಮುಂದ ಹೇಳಬೇಕು, ನನ್ನ ಹೇಂತಿ ದುಡದಾಳ ಅಂತ. ನೋಡಿದವರು ಒಬ್ಬರಾರ ಬೇಕು."

"ವಿಚಾರ ಮಾಡತೀನ್ರಿ," ಎಂದ ಸಿದರಾಯ.

"ಏನ್ ವಿಚಾರ ಮಾಡತೀರಿ?" ಎಂದು ಭೀಮಕ್ಕ ಕೇಳಿದಳು. "ಅರ್ಜಿ ಬರೀರಿ ಅಯ್ಯಾರ. ನನಗ ಸಹಿ ಮಾಡಾಕ ಬರತೈತಿ."

ನೋಟೀಸು ಮುಟ್ಟಿದ ವಾರದಲ್ಲೇ ಅಮರ ಫೋನು ಮಾಡಿ ಸಿದರಾಯನನ್ನು ಕರೆಸಿಕೊಂಡ. ಆಟೋ ನಗರದ ಅಂಗಡಿ ಈಗ ಅಗಲವಾಗಿದೆ, ಗಾಜಿನ ಕೋಣೆ ಬಂದಿದೆ. ಅಮರ ಕುರ್ಚಿ ಎಳೆದು ಕೊಟ್ಟ, ಚಹಾ ತರಿಸಿದ. ಕೆಟ್ಟ ಹುಡುಗನಲ್ಲ. ಅಪ್ಪ ಮಾಡಿಟ್ಟದ್ದನ್ನು ಮುಚ್ಚುವ ಕೆಲಸ ಅವನ ತಲೆಗೆ ಬಂದಿತ್ತು, ಅದನ್ನು ಮರ್ಯಾದೆಯಿಂದಲೇ ಮಾಡಿದ.

"ಕಾಕಾ, ಕೋರ್ಟು ಕಚೇರಿ ಯಾಕ? ನಾ ನಿಮ್ಮ ಮುಂದ ಬೆಳದಾಂವ. ಮೂರ ಲಕ್ಷ ಕೊಡತೀನಿ, ಈಗ, ಇವತ್ತ. ಕಾಕೂನ ಔಷಧಕ್ಕ ಆಗಲಿ. ಇದೊಂದ ಕಾಗದಕ್ಕ ಇಬ್ಬರೂ ಸಹಿ ಮಾಡ್ರಿ, ಸಾಕು."

ಕಾಗದದಲ್ಲಿ, ಭೀಮಕ್ಕ ಎಂಬುವರು ಈ ಅಂಗಡಿಯ ಯಾವ ಕೆಲಸವನ್ನೂ ಎಂದೂ ಮಾಡಿರುವುದಿಲ್ಲ, ಈ ಹಣವನ್ನು ಮಾನವೀಯತೆಯ ದೃಷ್ಟಿಯಿಂದ ಕೊಡಲಾಗಿದೆ ಎಂದು ಅಚ್ಚುಕಟ್ಟಾಗಿ ಟೈಪು ಮಾಡಿತ್ತು. ಸಿದರಾಯ ಎರಡು ಸಲ ಓದಿದ. ಅವನು ಆಯುಷ್ಯವಿಡೀ ಹೇಳಿಕೊಂಡು ಬಂದ ಮಾತೇ ಅದು. ಬರೆದವನಿಗೆ ಇವನ ಮನಸ್ಸು ಹೇಗೆ ತಿಳಿಯಿತೋ ಎನ್ನುವಂತಿತ್ತು. ಭಂಡಾರದ ಮಾತು ಉಳಿಯುತ್ತದೆ, ಇಂಜೆಕ್ಷನ್ನಿಗೆ ದುಡ್ಡೂ ಆಗುತ್ತದೆ, ಭೀಮಕ್ಕನ ತಮ್ಮ ಮಾಯಪ್ಪನ ಮುಂದೆ ತಲೆ ಎತ್ತಿಕೊಂಡೇ ಓಡಾಡಬಹುದು. ಅವನು ಕಾಗದವನ್ನು ಅಂಗಿಯ ಒಳಜೇಬಿನಲ್ಲಿಟ್ಟು ಖಾನಾಪುರದ ಬಸ್ಸು ಹತ್ತಿದ.

ಮಾಲಾ ಕಾಗದ ಓದಿ, ತಗೋಳೋಣ ಎಂದಳು. ಅವಳು ಹಾಸ್ಪಿಟಲ್ಲಿನ ಬೆಂಚುಗಳ ಮೇಲೆ ಐದು ತಿಂಗಳು ಕೂತವಳು. ಖರೇ ಸುಳ್ಳಿನ ಲೆಕ್ಕ ಅವಳಿಗೆ ಬೇಕಿರಲಿಲ್ಲ.

"ಅವ್ವಾ, ಕೇಸ ಗೆದ್ದ ರೊಕ್ಕ ಬರೂದರಾಗ..." ಎಂದು ಅಲ್ಲಿಗೇ ನಿಲ್ಲಿಸಿದಳು.

"ನಾ ಇರೂದಿಲ್ಲ," ಎಂದು ಭೀಮಕ್ಕ ಅದನ್ನು ಮುಗಿಸಿದಳು. ದಿಂಬಿಗೆ ಒರಗಿ, ಕಣ್ಣು ಮುಚ್ಚಿಕೊಂಡೇ ಮಾತಾಡಿದಳು. "ಇಂಜೆಕ್ಷನ್ ತಗೊಂಡರ ಎಷ್ಟ ದಿವಸ ಬರತೀನಿ? ಡಾಕ್ಟರ ಏನಂದ? ಐದಾರ ತಿಂಗಳಾ ಜಾಸ್ತಿ. ಆ ಐದಾರ ತಿಂಗಳಾ ನಾ ಏನೂ ಮಾಡದಾಕಿ ಅಂತ ಸಹಿ ಮಾಡಿಕೊಟ್ಟು ಬದಕಲಿ? ಇಪ್ಪತ್ತ ವರ್ಷ ಮಾಡೀನಿ. ನಿನ್ನ ಸಾಲಿ ಫೀ ಅದರಾಗ ಕಟ್ಟೇವಿ. ನಿಮ್ಮ ಅಪ್ಪಗ ಶಾಲ ಹೊಚ್ಚಿದ್ರಲ್ಲ, ಅದರಾಗ ಅರ್ಧ ನಂದು. ಒಂದ ಸಲ ಯಾರಾರ ಅದನ್ನ ಬಾಯಿ ಬಿಟ್ಟ ಹೇಳಲಿ. ಆಮ್ಯಾಲೆ ರೊಕ್ಕ ಕೊಡಲಿ ಬಿಡಲಿ."

"ನಿನ್ನ ತಮ್ಮಗ ಏನ ಹೇಳಲಿ?" ಎಂದ ಸಿದರಾಯ. "ನಾ ಭಂಡಾರ ಮುಟ್ಟೀನಿ."

"ಭಂಡಾರ ಮುಟ್ಟಿದವರು ನೀವು. ಧೂಳ ಕುಡದಾಕಿ ನಾನು."

ಇಷ್ಟು ಮಾತಾಡಿದ್ದಕ್ಕೆ ಅವಳಿಗೆ ಕೆಮ್ಮು ಹತ್ತಿತು, ಅದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಸಿದರಾಯ ಅವಳ ಬೆನ್ನು ನೀವುತ್ತ ಕೂತ. ಸೀರೆಯ ಕೆಳಗೆ ಬರೀ ಎಲುಬು ಕೈಗೆ ಹತ್ತುತ್ತಿದ್ದವು. ಮರುದಿನ ಅವನು ಅಮರನಿಗೆ ಫೋನು ಮಾಡಿ, ಆಗೂದಿಲ್ರಿ ಎಂದ. ಧೈರ್ಯ ಬಂದು ಹೇಳಿದ್ದಲ್ಲ. ಸಾಕಾಗಿತ್ತು, ಅಷ್ಟೇ.

ಆಮೇಲೆ ತಾರೀಖುಗಳು ಶುರುವಾದವು. ಮೊದಲನೆಯ ತಾರೀಖಿಗೆ ಎದುರಿನ ವಕೀಲ ಬರಲಿಲ್ಲ. ಎರಡನೆಯದಕ್ಕೆ ಬಂದು, ಸಮಯ ಬೇಕು ಅಂದ. ಮೂರನೆಯದಕ್ಕೆ ನ್ಯಾಯಾಧೀಶರು ರಜೆ. ಪ್ರತಿ ಸಲ ಖಾನಾಪುರದಿಂದ ಭೀಮಕ್ಕನನ್ನು ಕರೆತರಬೇಕು, ಕೋರ್ಟಿನ ಮೆಟ್ಟಿಲು ಹತ್ತಿಸಬೇಕು, ಬೆಂಚಿನ ಮೇಲೆ ಕೂರಿಸಬೇಕು, ಮಧ್ಯಾಹ್ನ ಮುಂದಿನ ತಾರೀಖು ಬರೆದುಕೊಂಡು ಇಳಿಸಬೇಕು. ಮೆಟ್ಟಿಲ ಮೇಲೆ ಅವಳು ಗಂಡನ ಭುಜ ಹಿಡಿಯುತ್ತಿದ್ದಳು. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಂಡು, ನಡೀರಿ ಎನ್ನುತ್ತಿದ್ದಳು. ಅವಳ ಕೈ ದಿನದಿಂದ ದಿನಕ್ಕೆ ಹಗುರಾಗುತ್ತಿರುವುದು ಸಿದರಾಯನ ಭುಜಕ್ಕೆ ತಿಳಿಯುತ್ತಿತ್ತು.

ಈ ನಡುವೆ ಅವನು ಹಳೆಯ ಓಣಿಗೆ ಹೋಗಿ ಸಿದ್ದಕ್ಕನನ್ನು ಕಂಡು ಬಂದ. ಸಿದ್ದಕ್ಕ ಬಾಡಿಗೆ ಮನೆಯ ಕಾಲದ ನೆರೆಯವಳು, ಇಬ್ಬರ ಹಿತ್ತಲಿಗೂ ನಡುವೆ ಒಂದು ಮೋಟು ಗೋಡೆ. ಈಗಲೂ ಅಲ್ಲೇ ಇದ್ದಾಳೆ. "ಭೀಮಕ್ಕ ಕೆಲಸ ಮಾಡಿದ್ದು ನೀ ಬಂದು ಹೇಳಬೇಕವಾ" ಎಂದ. "ಖರೇ ಇದ್ದದ್ದ ಹೇಳತೀನಪಾ, ಸುಳ್ಳ ನನಗ ಬರೂದಿಲ್ಲ" ಎಂದಳು ಅವಳು. ನೀನು ಕಣ್ಣಾರೆ ಏನು ಕಂಡಿದ್ದೀಯಾ ಎಂದು ಕೇಳಬೇಕು ಅನ್ನಿಸಿತು. ಕೇಳದೆಯೇ ಚಹಾ ಕುಡಿದು ಬಂದ.

ನಾಲ್ಕನೆಯ ತಾರೀಖಿಗೆ ಮಾಯಪ್ಪ ತನ್ನ ಗಾಡಿಯಲ್ಲಿ ಅಕ್ಕನನ್ನು ಕರೆತಂದ. ಬಸ್ಸಿನಲ್ಲಿ ಕೂರುವ ಶಕ್ತಿ ಅವಳಿಗೆ ಉಳಿದಿರಲಿಲ್ಲ. ಕರೆತಂದವನು ಹೊರಗೆ ಕೂರಲಿಲ್ಲ, ಒಳಗೇ ಬಂದು ಹಿಂದಿನ ಬೆಂಚಿನ ಮೇಲೆ ರುಮಾಲು ತೊಡೆಯ ಮೇಲಿಟ್ಟು ಕೂತ. ಅವನನ್ನು ಕಂಡು ಸಿದರಾಯ ಮುಖ ಆಚೆ ತಿರುಗಿಸಿಕೊಂಡ.

ನ್ಯಾಯಾಧೀಶರು ನಡುವಯಸ್ಸಿನ ಹೆಂಗಸು. ಸಿದರಾಯ ಕಟಕಟೆಯಲ್ಲಿ ನಿಂತು, ಬಸಯ್ಯನವರು ಕೇಳಿದ್ದಕ್ಕೆಲ್ಲ ಹೌದು ಎಂದ. ಸಾಹುಕಾರ ಚೀಲ ಕಳಿಸುತ್ತಿದ್ದ. ಹೆಂಡತಿ ಲೈನರ್ ಕೀಳುತ್ತಿದ್ದಳು. ಇಪ್ಪತ್ತು ವರ್ಷ. ಹಿಂದಿನ ಬೆಂಚಿನ ಕಡೆ ನೋಡದೆ ಅಷ್ಟನ್ನೂ ಹೇಳಿ ಮುಗಿಸಿದ. ಇಷ್ಟೇನಾ ಎಂದು ಅವನಿಗೇ ಅನ್ನಿಸಿತು.

ಎದುರಿನ ವಕೀಲ ಎದ್ದು, ಇದೆಲ್ಲ ದುಡ್ಡಿಗಾಗಿ ಈಗ ಹೊಸೆದ ಕತೆ, ಆ ಕೆಲಸವನ್ನು ಮನೆಯಲ್ಲಿ ಮಾಡಿದ್ದರೆ ಇವನೇ ಮಾಡಿರಬೇಕು, ಸ್ವತಃ ಹಾಗೆಂದು ಊರಿಗೆಲ್ಲ ಹೇಳಿಕೊಂಡಿದ್ದಾನೆ ಎಂದ. ಅದಾದ ಮೇಲೆ ಸಿದ್ದಕ್ಕನನ್ನು ಕರೆದರು. ಬಸಯ್ಯನವರು, ಭೀಮಕ್ಕ ಬ್ರೇಕಿನ ಕೆಲಸ ಮಾಡುವುದನ್ನು ನೋಡಿದ್ದೀಯಾ ಎಂದು ಕೇಳಿದರು.

"ನೋಡಿಲ್ರಿ," ಎಂದಳು ಸಿದ್ದಕ್ಕ.

ಬಸಯ್ಯನವರ ಕೈ ಕನ್ನಡಕಕ್ಕೆ ಹೋಯಿತು. "ಬಾಜೂ ಮನ್ಯಾಕಿ ನೀನು. ಇಪ್ಪತ್ತ ವರ್ಷದಾಗ ಒಮ್ಮೆನೂ ನೋಡಿಲ್ಲ?"

"ಸಪ್ಪಳ ಕೇಳತಿತ್ರಿ. ಟಣ್ ಟಣ್ ಅಂತ ದಿನಾ. ಯಾರ ಮಾಡತಾರ ಅಂತ ಕಾಣತಿರಲಿಲ್ರಿ. ಸಿದರಾಯ ಹಿತ್ತಲಕ್ಕ ಪತ್ರಾಸ ಹೊಡದಿದ್ದ. ಗ್ವಾಡಿ ಮ್ಯಾಲೆ ಅಷ್ಟೂ, ಮೂರೂ ಬಾಜೂ, ಮ್ಯಾಲೂ. ಒಂದ ಸಂದಿ ಬಿಟ್ಟಿರಲಿಲ್ರಿ. ಒಳಗ ದೀಪಾ ಹಚ್ಚತಿದ್ರು, ಹಗಲಿನಾಗೂ."

ಎದುರಿನ ವಕೀಲನ ಮುಖ ಅರಳಿತು. ನ್ಯಾಯಾಧೀಶರು ಸಿದರಾಯನನ್ನು ಮತ್ತೆ ಕಟಕಟೆಗೆ ಕರೆದರು. ಆ ತಗಡುಗಳನ್ನು ನೀವೇ ಹೊಡೆದದ್ದಾ ಎಂದು ಕೇಳಿದರು. ಹೌದ್ರಿ ಎಂದ. ಯಾಕೆ ಎಂದು ಕೇಳಿದರು.

ಹೇಳಲು ಬೇಕಾದಷ್ಟಿದ್ದವು. ಮಳೆಗೆ ಅನ್ನಬಹುದಿತ್ತು, ನಾಯಿಗಳ ಕಾಟಕ್ಕೆ ಅನ್ನಬಹುದಿತ್ತು, ಹಂದಿಗೆ, ಕಳ್ಳರಿಗೆ. ಸಿದರಾಯನ ಬಾಯಿಗೆ ಮಳೆ ಅನ್ನುವ ಮಾತು ಬಂದು ನಿಂತೂ ಇತ್ತು. ಆದರೆ ಆರು ತಿಂಗಳ ಬಸ್ಸು, ಬೆಂಚು, ಮೆಟ್ಟಿಲು ಅವನನ್ನು ಹಿಂಡಿ ಹಾಕಿದ್ದವು. ಇನ್ನೊಂದು ಸುಳ್ಳು ಹುಟ್ಟಿಸಿ, ಅದನ್ನು ಸಾಕುವ ತ್ರಾಣ ಅವನಲ್ಲಿರಲಿಲ್ಲ.

"ನಾಚಿಕಿಗಿ ರೀ," ಎಂದ.

"ಎಂಥ ನಾಚಿಕೆ?"

"ಹೇಂತಿ ದುಡ್ಯೂದು ಯಾರಿಗೂ ಕಾಣಬಾರದು ಅಂತ ರೀ. ಅಕೀನ ಕೂಲಿಗಿ ಹಚ್ಚೂದಿಲ್ಲ ಅಂತ ಅಕೀ ಅಪ್ಪಗ ಭಂಡಾರ ಮುಟ್ಟಿ ಹೇಳಿದ್ದೆ. ಮಂದಿ ನೋಡಿದ್ರ ಊರಿಗಿ ಸುದ್ದಿ ಮುಟ್ಟತೈತಿ, ಹೇಂತಿ ದುಡದದ್ದ ತಿಂತಾನ ಅಂತಾರ. ಅದಕ್ಕ ಅಕೀನ ಒಳಗ ಕುಂದ್ರಿಸಿ ಸುತ್ತೂ ಪತ್ರಾಸ ಹೊಡದೆ. ಗಾಳಿ ಸೈತ ಹೋಗಂಗಿಲ್ಲ ಹಂಗ. ಧೂಳ ಎಲ್ಲಾ ಒಳಗ ಇರತಿತ್ರಿ. ಅಕಿ ಹೊರಗ ಬಂದ್ರ ರೆಪ್ಪಿ ಮ್ಯಾಲೂ ಧೂಳ ಇರತಿತ್ತು. ನಾ ನೋಡತಿದ್ದೆ."

ಎದುರಿನ ವಕೀಲ ಎದ್ದು ನಿಂತು, ಹಾಗಾದರೆ ಧೂಳಿಗೆ ಕಾರಣ ಗಂಡನೇ, ನಮ್ಮ ಕಕ್ಷಿದಾರರಲ್ಲ ಎಂದು ಜೋರು ಮಾಡಿದ. ನ್ಯಾಯಾಧೀಶರು ಕೈ ಎತ್ತಿ ಅವನನ್ನು ತಡೆದರು. ಆ ಧೂಳು ವಿಷ ಎಂದು ಅಂಗಡಿಯವರು ಯಾರಾದರೂ ನಿಮಗೆ ಹೇಳಿದ್ದರಾ ಎಂದು ಸಿದರಾಯನನ್ನು ಕೇಳಿದರು. ಯಾರೂ ಹೇಳಲಿಲ್ರಿ ಎಂದ. ಮುಖಕ್ಕೆ ಕಟ್ಟಲು ಏನಾದರೂ ಕೊಟ್ಟಿದ್ದರಾ? ಇಲ್ಲ. ಅವರು ವಕೀಲನ ಕಡೆ ತಿರುಗಿ, ಈಗ ನಿಮ್ಮದೇ ಮಾತಿನಲ್ಲಿ ಧೂಳು ತಿಂದವಳು ಆಕೆಯೇ ಎಂದು ಒಪ್ಪಿಕೊಂಡಂತಾಯಿತಲ್ಲ, ಇಷ್ಟು ಹೊತ್ತು ಕೆಲಸ ಮಾಡಿದ್ದೇ ಸುಳ್ಳು ಅನ್ನುತ್ತಿದ್ದಿರಿ ಎಂದರು. ತನಗೇ ಕೆಟ್ಟ ಹೆಸರು ತರುವ ಮಾತನ್ನು ಹೀಗೆ ಸುಮ್ಮಸುಮ್ಮನೆ ಯಾರೂ ಹೇಳುವುದಿಲ್ಲ ಎಂದೂ ಸೇರಿಸಿದರು. ವಕೀಲ ಫೈಲು ತಿರುವುತ್ತ ಕೂತುಬಿಟ್ಟ.

"ಗೆದ್ದಂಗ ತಮ್ಮಾ," ಎಂದು ಬಸಯ್ಯನವರು ಸಿದರಾಯನ ಕಿವಿಯಲ್ಲಿ ಉಸಿರಿದರು. ಸಿದರಾಯ ಆಗ ಮಾತ್ರ ಹಿಂದಿನ ಬೆಂಚಿನ ಕಡೆ ನೋಡಿದ. ಮಾಯಪ್ಪ ರುಮಾಲಿನ ಅಂಚು ತಿರುಚುತ್ತ ತಲೆ ತಗ್ಗಿಸಿದ್ದ. ಬಯ್ಯುವವನಂತೆ ಕಾಣಲಿಲ್ಲ. ಮೂವತ್ತು ವರ್ಷ ಯಾವುದಕ್ಕೆ ಹೆದರಿದ್ದನೋ ಅದು ಇಷ್ಟು ಸಲೀಸಾಗಿ ಮುಗಿದುಹೋಗಿತ್ತು.

ಭೀಮಕ್ಕನಿಗೆ ಎದ್ದು ನಿಲ್ಲುವುದು ಬೇಡ, ಕೂತಲ್ಲಿಂದಲೇ ಹೇಳಲಿ ಎಂದರು ನ್ಯಾಯಾಧೀಶರು. ಗಂಡ ಹೇಳಿದ್ದನ್ನೆಲ್ಲ ಕೇಳಿದಿರಲ್ಲ, ನಿಜವೇ ಎಂದು ಕೇಳಿದರು.

ಭೀಮಕ್ಕ ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು.

"ಕೆಲಸ ಮಾಡಿದ್ದು ಖರೇ ರೀ. ಇಪ್ಪತ್ತ ವರ್ಷ ಮಾಡೀನಿ. ಪತ್ರಾಸ ಯಾಕ ಹೊಡದ್ರು ಅಂತ ನನಗ ಗೊತ್ತಿರಲಿಲ್ರಿ." ಅವಳು ಗಂಡನ ಕಡೆ ನೋಡಲಿಲ್ಲ, ಎದುರಿನ ಮೇಜಿನ ಕಾಲು ನೋಡುತ್ತಿದ್ದಳು. "ಬ್ಯಾಸಗಿ ದಿವಸದಾಗ ಹೊಡದ್ರು ರೀ. ನನಗ ಬಿಸಲ ಹತ್ತತೈತಿ ಅಂತ ನೆರಳ ಮಾಡಿಕೊಟ್ಟಾರ ಅಂತ ತಿಳಕೊಂಡಿದ್ದೆ. ನಮ್ಮ ಓಣ್ಯಾಗ ಯಾರ ಗಂಡನೂ ಹಂಗ ಮಾಡಿರಲಿಲ್ರಿ. ತವರಮನಿಗಿ ಹೋದಾಗೆಲ್ಲಾ ಹೇಳಕೋತಿದ್ದೆ."

ಟೈಪು ಮಾಡುವ ಹುಡುಗಿ ಕೈ ನಿಲ್ಲಿಸಿ, ಇದನ್ನೂ ತಗೊಳ್ಳಬೇಕಾ ಎಂಬಂತೆ ಮೇಲೆ ನೋಡಿದಳು. ಬೇಡ, ಕೆಲಸ ಮಾಡಿದ್ದು ನಿಜ ಎನ್ನುವಷ್ಟು ಸಾಕು ಎಂದರು ನ್ಯಾಯಾಧೀಶರು. ಕಾಗದ ಬಂತು. ಭೀಮಕ್ಕ ತನ್ನ ಹೆಸರಿನ ಒಂದೊಂದು ಅಕ್ಷರವನ್ನೂ ನಿಧಾನವಾಗಿ ಬರೆದು ಸಹಿ ಮಾಡಿದಳು.

ಮೆಟ್ಟಿಲ ಬಳಿ ಬಂದಾಗ ಸಿದರಾಯ ಎಂದಿನಂತೆ ಒಂದು ಮೆಟ್ಟಿಲು ಮುಂದೆ ಇಳಿದು, ಅವಳ ಕೈಗೆ ಸಿಗುವಂತೆ ಭುಜ ತಗ್ಗಿಸಿ ನಿಂತ. ಕೈ ಬರಲಿಲ್ಲ. ತಿರುಗಿ ನೋಡಿದರೆ ಭೀಮಕ್ಕ ಆ ಕಡೆಯ ಕಬ್ಬಿಣದ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಅಡ್ಡಡ್ಡ ಕಾಲಿಡುತ್ತ ಇಳಿಯುತ್ತಿದ್ದಳು. ಒಂದು ಮೆಟ್ಟಿಲು ಇಳಿದು ನಿಂತಳು. ಉಸಿರು ತೆಗೆದುಕೊಂಡಳು. ಇನ್ನೊಂದು ಇಳಿದಳು.

"ಭೀಮಕ್ಕ, ನನ್ನ ಹಿಡಕೋ," ಎಂದ ಸಿದರಾಯ.

"ನೀವು ಮುಂದ ನಡೀರಿ," ಎಂದಳು. "ನಾ ಬರತೀನಿ."